ಚಾವಣಿ ಹೊತ್ತ ಬೀದಿ: ಮಿಲಾನಿನ ಗ್ಯಾಲರಿಯಾ ಕುರಿತು ಒಂದು ಟಿಪ್ಪಣಿ

ಮಿಲಾನ್ ನಗರದಲ್ಲಿ ದುವೊಮೊ ಕೆಥೆಡ್ರಲ್ ಎದುರಿನ ಚೌಕದಿಂದ ಲಾ ಸ್ಕಾಲಾ ನಾಟಕಶಾಲೆಯ ಎದುರಿನ ಚೌಕಕ್ಕೆ ಹೋಗಲು ಗಾಜಿನ ಚಾವಣಿಯಡಿ ಒಂದು ದಾರಿಯಿದೆ. ಉದ್ದ ಸುಮಾರು 196 ಮೀಟರ್. ಅದನ್ನು ಕತ್ತರಿಸಿ ಹೋಗುವ ಅಡ್ಡದಾರಿ ಸುಮಾರು 105 ಮೀಟರ್. ಎರಡೂ ಕೂಡುವಲ್ಲಿ ಅಷ್ಟಕೋನದ ಅಂಗಳ, ಅದರ ಮೇಲೆ 47 ಮೀಟರ್ ಎತ್ತರದ ಗಾಜು-ಕಬ್ಬಿಣದ ಗುಮ್ಮಟ. ಇದೇ ವಿತ್ತೋರಿಯೊ ಇಮ್ಯಾನುಯೆಲೆ ಗ್ಯಾಲರಿಯಾ. ವಾಸ್ತುಶಿಲ್ಪದ ಚರಿತ್ರೆಗಳಲ್ಲಿ ಇದಕ್ಕೆ ಸಿಗುವ ಸ್ಥಾನ ಬಹುಮಟ್ಟಿಗೆ ಸಿದ್ಧವಾಗಿದೆ. 1800ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಬೆಳೆದ ‘ಪಸಾಜ್’ ಎಂಬ ಅಂಗಡಿ ಓಣಿಯ ಪರಂಪರೆಗೆ ಇದು ಶಿಖರ, ಇಂದಿನ ಮಾಲ್‌ಗಳಿಗೆ ಪೂರ್ವಜ ಎಂಬ ಓದು ಅದು. ಆ ಓದಿನಿಂದ ಈ ಕಟ್ಟಡದ ಮುಖ್ಯ ಗುಣವೇ ಮರೆಯಾಗುತ್ತದೆ ಎಂಬುದು ಈ ಟಿಪ್ಪಣಿಯ ವಾದ. ಗ್ಯಾಲರಿಯಾ ಹುಟ್ಟಿದ್ದು ನಗರ ಯೋಜಿಸಿದ ಸಾರ್ವಜನಿಕ ಬೀದಿಯಾಗಿ. ಚಾವಣಿ ಆಮೇಲೆ ಬಂತು. ಅಳತೆ, ಗೋಡೆ, ನೆಲ, ಒಡೆತನ, ಇತ್ತೀಚಿನ ಬಾಡಿಗೆಯ ಜಗಳಗಳವರೆಗೆ ಅದರ ವಿಶಿಷ್ಟ ಸಂಗತಿಗಳೆಲ್ಲ ಆ ಮೂಲದಿಂದಲೇ ಅರ್ಥವಾಗುತ್ತವೆ.

ಮೊದಲು ಅಳತೆಯನ್ನೇ ನೋಡೋಣ. ಪ್ಯಾರಿಸ್‌ನ ಪಸಾಜ್‌ಗಳು ಖಾಸಗಿ ಜಮೀನಿನಲ್ಲಿ, ಎರಡು ರಸ್ತೆಗಳ ನಡುವಿನ ಮನೆಗಳ ಸಾಲನ್ನು ಸೀಳಿಕೊಂಡು ಎದ್ದವು. ಜಮೀನಿನ ಒಡೆಯರಿಗೆ ಅಂಗಡಿಯ ಬಾಡಿಗೆ ಮುಖ್ಯವಾಗಿತ್ತು, ದಾರಿಗೆಂದು ಬಿಟ್ಟ ಪ್ರತಿ ಅಡಿಯೂ ಅವರ ಲೆಕ್ಕದಲ್ಲಿ ನಷ್ಟ. 1827ರ ಪಸಾಜ್ ಶ್ವಾಸೆಲ್ 190 ಮೀಟರ್ ಉದ್ದವಿದ್ದರೂ ಅಗಲ 4 ಮೀಟರನ್ನೂ ಮುಟ್ಟುವುದಿಲ್ಲ. ಲಂಡನ್ನಿನ ಬರ್ಲಿಂಗ್ಟನ್ ಆರ್ಕೇಡ್ 1819ರಲ್ಲಿ ತೆರೆಯಿತು. ಅದಕ್ಕೆ ಗೇಟುಗಳಿದ್ದವು, ಸಮವಸ್ತ್ರದ ಖಾಸಗಿ ಕಾವಲುಗಾರರಿದ್ದರು, ರಾತ್ರಿಯಾದರೆ ಬೀಗ ಬೀಳುತ್ತಿತ್ತು. ಬ್ರಸೆಲ್ಸ್‌ನ ಸೇಂಟ್ ಹ್ಯೂಬರ್ಟ್ ಗ್ಯಾಲರಿಗಳು 1847ರಲ್ಲಿ ತೆರೆದಾಗ ಅಗಲ 8 ಮೀಟರಿಗೆ ಏರಿತ್ತು. ಮಿಲಾನಿನ ತೋಳುಗಳ ಅಗಲ ಸುಮಾರು 14.5 ಮೀಟರ್. ಇಪ್ಪತ್ತು ವರ್ಷಗಳಲ್ಲಿ ಅಗಲ ಹೆಚ್ಚುಕಡಿಮೆ ಇಮ್ಮಡಿಯಾದದ್ದನ್ನು ಆಡಂಬರವೆಂದು ವಿವರಿಸುವುದು ಸುಲಭ. ಆದರೆ 14.5 ಮೀಟರ್ ಎಂಬುದು 19ನೇ ಶತಮಾನದ ನಡುವಿನಲ್ಲಿ ಯುರೋಪಿನ ನಗರದೊಳಗೆ ಹೊಸದಾಗಿ ಬಿಡಿಸಿದ ಒಂದು ಒಳ್ಳೆಯ ರಸ್ತೆಯ ಅಗಲ. ಅದನ್ನು ಅಂಗಡಿ ಓಣಿಗೆ ಹೋಲಿಸಿದರೆ ದೊಡ್ಡದಾಗಿ ಕಾಣುತ್ತದೆ, ರಸ್ತೆಗೆ ಹೋಲಿಸಿದರೆ ಸಹಜವಾಗಿ ಕಾಣುತ್ತದೆ.

ಮಿಲಾನಿಗೆ ಪ್ಯಾರಿಸ್ ಮಾದರಿಯ ಪರಿಚಯ ಇರಲಿಲ್ಲವೆಂದಲ್ಲ. ಊರು ಆಸ್ಟ್ರಿಯನ್ ಆಳ್ವಿಕೆಯಲ್ಲಿದ್ದಾಗಲೇ, 1832ರಲ್ಲಿ, ಆಂದ್ರೆಯಾ ಪಿತ್ಸಾಲಾ ರೂಪಿಸಿದ ಗ್ಯಾಲರಿಯಾ ದೆ ಕ್ರಿಸ್ತೋಫೊರಿಸ್ ಅಲ್ಲಿ ತೆರೆದಿತ್ತು. ಅದೇ ಹೆಸರಿನ ಮನೆತನದ ಸೋದರರು ಕಟ್ಟಿಸಿದ ಖಾಸಗಿ ಆಸ್ತಿ ಅದು. ಗಾಜಿನ ಚಾವಣಿಯಡಿ ಎರಡೂ ಬದಿ ಅಂಗಡಿಗಳಿದ್ದು, ಮಿಲಾನಿನ ಜನ ತಮ್ಮ ಆಡುಮಾತಿನಲ್ಲಿ ಅದನ್ನು ‘ಗಾಜಿನ ಓಣಿ’ ಎಂದು ಕರೆಯುತ್ತಿದ್ದರು. ಪ್ಯಾರಿಸ್‌ನ ವಂಶವೃಕ್ಷಕ್ಕೆ ಸೇರಬೇಕಾದ ಮಿಲಾನಿನ ಕಟ್ಟಡ ಅದು. 1930ರ ದಶಕದ ಆರಂಭದಲ್ಲಿ ಹೊಸ ರಸ್ತೆಯೊಂದಕ್ಕಾಗಿ, ಅಂದರೆ ಇಂದಿನ ಕೋರ್ಸೊ ಮತ್ತೆಯೊತ್ತಿಗಾಗಿ, ಅದನ್ನು ಕೆಡವಲಾಯಿತು. ಅದು ಉಳಿದಿದ್ದರೆ ಎರಡರ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಹತ್ತಿರ ಹತ್ತಿರದಲ್ಲೇ ಎರಡು ಗಾಜಿನ ದಾರಿಗಳು, ಒಂದು ವರ್ತಕ ಬುದ್ಧಿಯದು, ಇನ್ನೊಂದು ನಗರದ ಸಂಕಲ್ಪದ್ದು. ಒಂದೇ ಉಳಿದಿರುವುದರಿಂದ ಇದ್ದದ್ದನ್ನು ಹೋದದ್ದರ ದೊಡ್ಡ ರೂಪವೆಂದು ಓದುವ ಅಭ್ಯಾಸ ಬೆಳೆದಿದೆ.

ಸಂಕಲ್ಪ ಹುಟ್ಟಿದ ಸಮಯ ಮುಖ್ಯ. 1859ರ ಜೂನ್ 4ರಂದು ಮಜೆಂತಾದಲ್ಲಿ ಆಸ್ಟ್ರಿಯನ್ ಸೈನ್ಯ ಸೋತಿತು. ನಾಲ್ಕು ದಿನಗಳ ನಂತರ ಪಿಯೆಮಾಂತೆಯ ದೊರೆ ಎರಡನೆಯ ವಿತ್ತೋರಿಯೊ ಇಮ್ಯಾನುಯೆಲೆ, ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್ ಜೊತೆ ಮಿಲಾನ್ ಪ್ರವೇಶಿಸಿದ. ಕೆಥೆಡ್ರಲ್ಲನ್ನೂ ಲಾ ಸ್ಕಾಲಾವನ್ನೂ ಕೂಡಿಸುವ ಬೀದಿಯೊಂದು ಬೇಕೆಂಬ ಹಳೆಯ ಮಾತಿಗೆ ಈಗ ಒಂದು ಹೆಸರು ಸಿಕ್ಕಿತು: ಹೊಸ ರಾಜನ ಹೆಸರು. ಯೋಜನೆ ಮೊದಲು ರೂಪ ಪಡೆದದ್ದು ರಾಜನಿಗೆ ಅರ್ಪಿತವಾದ ಹೊಸ ರಸ್ತೆಯಾಗಿ. ಹಣಕ್ಕಾಗಿ ಸರಕಾರದ ಅನುಮತಿ ಪಡೆದು ಲಾಟರಿ ತೆರೆಯಲಾಯಿತು. 1860ರಲ್ಲಿ ಸಾರ್ವಜನಿಕರಿಂದಲೇ ಸಲಹೆಗಳನ್ನು ಆಹ್ವಾನಿಸಲಾಯಿತು, ಅವು ನೂರಕ್ಕೂ ಮೀರಿ ಬಂದವು. ಸ್ಪರ್ಧೆಗಳ ಸರಣಿಯ ಕೊನೆಯಲ್ಲಿ, 1863ರಲ್ಲಿ, ಜ್ಯುಸೆಪ್ಪೆ ಮೆಂಗೋನಿಯ ಆಯ್ಕೆಯಾಯಿತು. ಇಮೊಲಾ ಬಳಿಯ ಫೊಂತನೆಲಿಚೆಯಲ್ಲಿ 1829ರಲ್ಲಿ ಹುಟ್ಟಿದ ಆತನಿಗೆ ಆಗ ಮೂವತ್ತನಾಲ್ಕು ವರ್ಷವೂ ತುಂಬಿರಲಿಲ್ಲ. ಗಮನಿಸಬೇಕಾದದ್ದು ಈ ಕ್ರಮ. ಲಾಟರಿಯ ಚೀಟಿ ಕೊಂಡ ನಾಗರಿಕ, ಸಲಹೆ ಬರೆದು ಕಳಿಸಿದ ನಾಗರಿಕ, ಭೂಮಿ ವಶಪಡಿಸಿಕೊಂಡ ನಗರಸಭೆ, ಇವರ ಹಿಂದೆಯೇ ಬರುತ್ತಾನೆ ಅಂಗಡಿಯವನು. ಪ್ಯಾರಿಸ್‌ನ ಪಸಾಜ್‌ಗಳಲ್ಲಿ ಈ ಸಾಲು ತಲೆಕೆಳಗು.

ಮೆಂಗೋನಿಗೆ ವಹಿಸಿದ ಕೆಲಸ ಕೂಡ ಒಂದು ಕಟ್ಟಡಕ್ಕೆ ಸೀಮಿತವಾಗಿರಲಿಲ್ಲ. ದುವೊಮೊ ಎದುರಿನ ಚೌಕವನ್ನೇ ಹೊಸದಾಗಿ ರೂಪಿಸಬೇಕಿತ್ತು. ಆ ಚೌಕ ಆಗ ಇಕ್ಕಟ್ಟಾದ, ಕೆಥೆಡ್ರಲ್‌ಗೆ ಓರೆಯಾದ ಜಾಗ. ಅದರ ಉತ್ತರದ ಅಂಚಿನಲ್ಲಿ ಕೊಪೆರ್ತೊ ದೇಯಿ ಫಿಜೀನಿ ಎಂಬ 15ನೇ ಶತಮಾನದ ಕಟ್ಟಡವಿತ್ತು. ಕೆಳಗೆ ಕಮಾನಿನ ಜಗಲಿ, ಜಗಲಿಯಲ್ಲಿ ಅಂಗಡಿಗಳು. ಮಳೆ ಬಂದರೂ ಬಿಸಿಲು ಬಂದರೂ ಮಿಲಾನಿನವರು ನಾಲ್ಕು ಶತಮಾನ ಅಡ್ಡಾಡಿದ, ವ್ಯಾಪಾರ ಮಾಡಿದ ತಾಣ. ಗ್ಯಾಲರಿಯಾಕ್ಕೆ ಅಡಿಗಲ್ಲಿಡುವ ಹಿಂದಿನ ವರ್ಷ, 1864ರಲ್ಲಿ, ಅದನ್ನು ಕೆಡವಲಾಯಿತು. ಚೌಕದ ನಡುವೆ ನಿಂತಿದ್ದ ರೆಬೆಕ್ಕೀನೊ ಮನೆಗಳ ಗುಂಪು 1875ರಲ್ಲಿ ಹೋಯಿತು. ಆ ಹಳೆಯ ಜಗಲಿಗೂ ಹೊಸ ಗ್ಯಾಲರಿಯಾಕ್ಕೂ ಇರುವ ಸಂಬಂಧವನ್ನು ಚರಿತ್ರಕಾರರು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನಗನ್ನಿಸುತ್ತದೆ. ಗ್ಯಾಲರಿಯಾದ ವಂಶವನ್ನು ಹುಡುಕಲು ಪ್ಯಾರಿಸ್‌ನವರೆಗೆ ಹೋಗುವ ಮುನ್ನ, ಅದೇ ಚೌಕದ ಅಂಚಿನಲ್ಲಿ, ನೆರಳಿನಡಿ ನಡೆದಾಡುವ ಸಾರ್ವಜನಿಕ ಅಭ್ಯಾಸವೊಂದು ಅಷ್ಟು ಕಾಲ ಬಾಳಿತ್ತೆಂಬುದನ್ನು ನೆನೆಯಬೇಕು. ಮೆಂಗೋನಿ ಚೌಕದ ಎರಡು ಬದಿಗಳಲ್ಲಿ ಕಮಾನು ಜಗಲಿಯ ಉದ್ದ ಕಟ್ಟಡಗಳನ್ನು ಹಾಕಿದ. ಜಗಲಿಯಿಂದ ಗ್ಯಾಲರಿಯಾಕ್ಕೆ ಅಡೆತಡೆಯಿಲ್ಲದೆ ಸಾಗಬಹುದು. ಕೆಡವಿದ್ದನ್ನು ಆತ ಬೇರೆ ಪ್ರಮಾಣದಲ್ಲಿ ಮರಳಿ ಕೊಟ್ಟ ಎನ್ನುವುದು ತಪ್ಪಾಗಲಾರದು. ಆದರೆ ಆ 15ನೇ ಶತಮಾನದ ಕಟ್ಟಡದ ನಷ್ಟ ನಷ್ಟವೇ.

1865ರ ಮಾರ್ಚ್ 7ರಂದು ರಾಜನೇ ಬಂದು ಅಡಿಗಲ್ಲಿಟ್ಟ. ಲಾಟರಿಯ ಹಣ ಸಾಲದ್ದರಿಂದ ನಿರ್ಮಾಣವನ್ನು ಲಂಡನ್ನಿನಲ್ಲಿ ನೋಂದಾಯಿಸಿದ ಒಂದು ಇಂಗ್ಲಿಷ್ ಕಂಪನಿಗೆ ಕೊಡಲಾಗಿತ್ತು: ಸಿಟಿ ಆಫ್ ಮಿಲಾನ್ ಇಂಪ್ರೂವ್‌ಮೆಂಟ್ ಕಂಪನಿ. ಕಬ್ಬಿಣದ ಚಾವಣಿ ಪ್ಯಾರಿಸ್‌ನ ಆನ್ರಿ ಜೊರೆ ಕಾರ್ಖಾನೆಯಿಂದ ಬಂತು, ತೂಕ ಸುಮಾರು 350 ಟನ್. ಇಟಲಿಯ ಏಕೀಕರಣದ ಸ್ಮಾರಕವೊಂದು ಇಂಗ್ಲಿಷ್ ಬಂಡವಾಳ, ಫ್ರೆಂಚ್ ಕಬ್ಬಿಣಗಳಿಂದ ಎದ್ದಿತೆಂಬುದರಲ್ಲಿ ವಿಚಿತ್ರವೇನಿಲ್ಲ, ಹೊಸ ದೇಶದ ಕೈಗಾರಿಕೆಯ ಸ್ಥಿತಿ ಆಗ ಅಷ್ಟೇ ಇತ್ತು. 1867ರ ಸೆಪ್ಟೆಂಬರ್ 15ರಂದು ರಾಜ ಮತ್ತೆ ಬಂದು ಉದ್ಘಾಟಿಸಿದ. ಎರಡೂವರೆ ವರ್ಷಗಳಲ್ಲಿ ಇಷ್ಟು ದೊಡ್ಡ ಕೆಲಸ ಎದ್ದು ನಿಂತದ್ದು ಕಡಿಮೆ ಸಾಧನೆಯಲ್ಲ, ಆದರೂ ಅಂದು ಅದು ಪೂರ್ತಿಯಾಗಿರಲಿಲ್ಲ. ಕೆಥೆಡ್ರಲ್ ಕಡೆಗೆ ಮುಖ ಮಾಡಿದ ಮಹಾಕಮಾನು ಇನ್ನೂ ಹತ್ತು ವರ್ಷ ಬಾಕಿ ಉಳಿಯಿತು. ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿತು, 1869ರಲ್ಲಿ ನಗರಸಭೆ ಗ್ಯಾಲರಿಯಾವನ್ನು ತಾನೇ ಕೊಂಡುಕೊಂಡಿತು. ಅಂದಿನಿಂದ ಇಂದಿನವರೆಗೆ ಒಡೆತನ ನಗರದ್ದು. ಈ ಖರೀದಿ ಇಲ್ಲಿನ ವಾದಕ್ಕೆ ಬಲವಾದ ಸಾಕ್ಷ್ಯ. ಕಂಪನಿ ಸೋತಾಗ ನಗರ ಇನ್ನೊಬ್ಬ ಖಾಸಗಿ ಗಿರಾಕಿಯನ್ನು ಹುಡುಕಬಹುದಿತ್ತು. ಹಾಗೆ ಮಾಡದೆ, ತಾನು ಬಯಸಿದ್ದ ಬೀದಿಯನ್ನು ತನ್ನ ಬೀದಿಯನ್ನಾಗಿ ಮಾಡಿಕೊಂಡಿತು.

ಈಗ ಗೋಡೆಗಳತ್ತ. ಪ್ಯಾರಿಸ್‌ನ ಪಸಾಜ್‌ನೊಳಗೆ ನಿಂತು ತಲೆಯೆತ್ತಿದರೆ ಅಂಗಡಿಯ ಮೇಲೊಂದೆರಡು ತಗ್ಗು ಮಹಡಿ, ಅದರ ಮೇಲೆ ಗಾಜು. ಅವು ಒಳಾಂಗಣದ ಗೋಡೆಗಳು. ಮೆಂಗೋನಿಯ ಗೋಡೆಗಳು ಬೀದಿಗೆ ಮುಖ ಮಾಡಿ ನಿಂತ ಮಹಲುಗಳ ಹೊರಮೈ. ಕೆಳಗೆ ಅಂಗಡಿ, ಅದರ ಮೇಲೆ ಅಂಗಡಿಗೆ ಸೇರಿದ ಕಿರುಮಹಡಿ, ಆಮೇಲೆ ಬಾಲ್ಕನಿಗಳಿರುವ ಮುಖ್ಯ ಮಹಡಿ, ಅದಕ್ಕೂ ಮೇಲೆ ವಾಸದ ಮತ್ತು ಕಚೇರಿಯ ಅಂತಸ್ತುಗಳು. ಗೋಡೆಗಂಟಿದ ಕಂಬಗಳ ಮೇಲೆ ಲೊಂಬಾರ್ದಿಯ ಪುನರುಜ್ಜೀವನ ಕಾಲದ ಬಳ್ಳಿ ಹೂಗಳ ಕೆತ್ತನೆಯನ್ನು ನೆನಪಿಸುವ ಅಲಂಕಾರ. ಎರಕದ ಕಬ್ಬಿಣದ ಕಟಕಟೆ. ಭಾರ ಹೊತ್ತ ಸ್ತ್ರೀವಿಗ್ರಹಗಳು. ಇವೆಲ್ಲ ಬಯಲಿನಲ್ಲಿ ಮಳೆಗಾಳಿಗೆ ನಿಲ್ಲುವ ಗೋಡೆಯ ಭಾಷೆ. ಈ ಗೋಡೆಗಳು ಮುಗಿದ ಮೇಲೆ, ಕಾರ್ನಿಸಿನ ಹಿಂದಿನಿಂದ, ಕಬ್ಬಿಣದ ಕಮಾನುಗಳು ಏಳುತ್ತವೆ. ಗಾಜಿನ ಚಾವಣಿಯನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿದರೆ ಕೆಳಗಿನ ವಾಸ್ತು ಏನನ್ನೂ ಕಳೆದುಕೊಳ್ಳುವುದಿಲ್ಲ, ಸಂಪೂರ್ಣವಾದ ಒಂದು ಬೀದಿ ಉಳಿಯುತ್ತದೆ. 1943ರ ಆಗಸ್ಟ್‌ನ ಬಾಂಬ್ ದಾಳಿ ಈ ಊಹೆಯನ್ನು ನಿಜ ಮಾಡಿ ತೋರಿಸಿತು. ಅಂದು ಚಾವಣಿಯ ಗಾಜು ಚೂರಾಗಿ ಕಬ್ಬಿಣ ಮುರುಟಿತು, ಗೋಡೆಗಳಿಗೂ ಘಾಸಿಯಾಯಿತು. ಅಂದಿನ ಛಾಯಾಚಿತ್ರಗಳಲ್ಲಿ ಕಾಣುವುದು ಆಕಾಶಕ್ಕೆ ತೆರೆದ, ಪೆಟ್ಟುತಿಂದ ಒಂದು ನಗರ ರಸ್ತೆ. ದುರಸ್ತಿ ಮುಗಿದು ಗ್ಯಾಲರಿಯಾ ಮತ್ತೆ ನಗರಕ್ಕೆ ದಕ್ಕಿದ್ದು 1955ರಲ್ಲಿ.

ಹಾಗೆಂದು ಚಾವಣಿಯನ್ನು ಕಡೆಗಣಿಸುವಂತಿಲ್ಲ. ತೋಳುಗಳ ಮೇಲೆ ಅರೆಗೊಳವೆಯಂಥ ಕಮಾನು ಚಾವಣಿ, ನಡುವೆ ಸುಮಾರು 37 ಮೀಟರ್ ಅಡ್ಡಳತೆಯ ಗುಮ್ಮಟ. ಕಲ್ಲು-ಗಾರೆಯ ಗೋಡೆಗೂ ಕಬ್ಬಿಣಕ್ಕೂ ನಡುವೆ ಮೆಂಗೋನಿ ತಂದ ಹೊಂದಾಣಿಕೆ ಸೂಕ್ಷ್ಮವಾದುದು: ಕಬ್ಬಿಣ ಗೋಡೆಯ ಅಲಂಕಾರವನ್ನು ಅನುಕರಿಸಲು ಹೋಗುವುದಿಲ್ಲ, ತನ್ನ ತೆಳುವಾದ ಪಕ್ಕೆಲುಬುಗಳನ್ನು ಹಾಗೆಯೇ ತೋರಿಸುತ್ತದೆ. ಗುಮ್ಮಟದ ಬುಡದಲ್ಲಿದ್ದ ಅನಿಲ ದೀಪಗಳನ್ನು ಹಚ್ಚಲು ಒಂದು ಪುಟ್ಟ ಯಂತ್ರವಿತ್ತು. ಸ್ಪ್ರಿಂಗ್ ಬಲದಿಂದ ಹಳಿಯ ಮೇಲೆ ಸುತ್ತು ಹಾಕುತ್ತ, ಉರಿವ ಬತ್ತಿಯಿಂದ ಒಂದೊಂದೇ ದೀಪ ಹೊತ್ತಿಸುತ್ತ ಹೋಗುತ್ತಿತ್ತು. ಮಿಲಾನಿನವರು ಅದನ್ನು ‘ರತ್ತೀನ್’, ಪುಟ್ಟ ಇಲಿ, ಎಂದು ಕರೆದರು. ಸಂಜೆ ಅದು ಓಡುವುದನ್ನು ನೋಡಲು ಅಷ್ಟಕೋನದಲ್ಲಿ ಜನ ಸೇರುತ್ತಿದ್ದರು. ವಿದ್ಯುತ್ತು ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1883ರಲ್ಲಿ ಕೆಥೆಡ್ರಲ್ ಪಕ್ಕದ ಸಾಂತಾ ರದೆಗೊಂದಾ ರಸ್ತೆಯಲ್ಲಿ ಯುರೋಪಿನ ಮೊದಲ ಕೇಂದ್ರೀಯ ವಿದ್ಯುತ್ ಸ್ಥಾವರಗಳಲ್ಲೊಂದು ಶುರುವಾಯಿತು, ಅದೇ ಡಿಸೆಂಬರಿನಲ್ಲಿ ಲಾ ಸ್ಕಾಲಾ ಆ ಬೆಳಕಿನಲ್ಲಿ ತೆರೆಯಿತು.

ನೆಲದ ಮೊಸಾಯಿಕ್ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಷ್ಟಕೋನದ ನಡುವೆ ಸವೊಯ್ ರಾಜಮನೆತನದ ಲಾಂಛನ, ಸುತ್ತ ನಾಲ್ಕು ನಗರಗಳ ಗುರುತು: ಮಿಲಾನಿಗೆ ಬಿಳಿಯ ಮೇಲೆ ಕೆಂಪು ಶಿಲುಬೆ, ತೊರಿನೊಗೆ ಗೂಳಿ, ಫ್ಲಾರೆನ್ಸಿಗೆ ಲಿಲಿ, ರೋಮಿಗೆ ತೋಳ. ತೊರಿನೊ, ಫ್ಲಾರೆನ್ಸ್, ರೋಮ್ ಈ ಮೂರೂ ಒಂದರ ಹಿಂದೊಂದು ಇಟಲಿಯ ರಾಜಧಾನಿಗಳಾದವು. ಆದ್ದರಿಂದ ಈ ನೆಲವನ್ನು ಏಕೀಕರಣದ ನಕ್ಷೆಯೆಂದು ಓದುವುದುಂಟು. ಆದರೆ ಉದ್ಘಾಟನೆಯ 1867ರಲ್ಲಿ ರಾಜಧಾನಿ ಫ್ಲಾರೆನ್ಸ್, ರೋಮ್ ಇನ್ನೂ ಪೋಪರ ಕೈಯಲ್ಲಿತ್ತು, ಇಟಲಿಗೆ ಅದು ದಕ್ಕಿದ್ದು 1870ರ ಸೆಪ್ಟೆಂಬರಿನಲ್ಲಿ. ಜೊತೆಗೆ, ಇಂದು ನಾವು ತುಳಿಯುವ ನೆಲ 20ನೇ ಶತಮಾನದಲ್ಲಿ ಮತ್ತೆ ಹಾಸಿದ್ದು. ಅದನ್ನು 1867ರ ದಾಖಲೆಯೆಂದು ಉಲ್ಲೇಖಿಸುವುದು ಸರಿಯಲ್ಲ. ಗೂಳಿಯ ವೃಷಣದ ಮೇಲೆ ಹಿಮ್ಮಡಿಯೂರಿ ಮೂರು ಸುತ್ತು ತಿರುಗಿದರೆ ಅದೃಷ್ಟ ಎಂಬ ನಂಬಿಕೆಯಿಂದ ಆ ಜಾಗ ಸವೆದು ಗುಳಿಬಿದ್ದು, ಆಗಾಗ ರಿಪೇರಿಯಾಗುತ್ತಲೇ ಇರುತ್ತದೆ. ಮೇಲಿನ ಅರ್ಧಚಂದ್ರಾಕಾರದ ಅಂಕಣಗಳ ವಿಷಯವೂ ಇಂಥದ್ದೇ. ಯುರೋಪ್, ಏಷ್ಯಾ, ಆಫ್ರಿಕಾ, ಅಮೆರಿಕ ಎಂಬ ನಾಲ್ಕು ಖಂಡಗಳ ಚಿತ್ರಗಳು ಮೊದಲು ಭಿತ್ತಿಚಿತ್ರಗಳಾಗಿದ್ದವು. ಅವು ಹಾಳಾಗಿ 20ನೇ ಶತಮಾನದ ಆರಂಭದಲ್ಲಿ ಮೊಸಾಯಿಕ್ ಬಂತು. ಇತಿಹಾಸಪ್ರಸಿದ್ಧ ಇಟಾಲಿಯನ್ನರ ಗಾರೆ ವಿಗ್ರಹಗಳೂ ಒಂದು ಕಾಲಕ್ಕೆ ಗೋಡೆಗಳ ಮುಂದೆ ನಿಂತಿದ್ದು, ಶಿಥಿಲವಾಗಿ ತೆರವಾದವು.

ಮಹಾಕಮಾನಿನ ಕೆಲಸ ಕೊನೆ ಮುಟ್ಟುತ್ತಿದ್ದಾಗ, 1877ರ ಡಿಸೆಂಬರ್ 30ರಂದು, ಮೆಂಗೋನಿ ಸಾರುವೆಯ ಮೇಲೆ ಹತ್ತಿ ಪರಿಶೀಲಿಸುವಾಗ ಕೆಳಗೆ ಬಿದ್ದು ಸತ್ತ. ನಲವತ್ತೆಂಟು ವರ್ಷ. ಟೀಕೆಗಳಿಂದ ಬೇಸತ್ತು ತಾನೇ ಹಾರಿದ ಎಂಬ ಮಾತು ಆಗಲೇ ಹುಟ್ಟಿ ಇಂದಿಗೂ ಪ್ರವಾಸಿ ಪುಸ್ತಕಗಳಲ್ಲಿ ಓಡಾಡುತ್ತದೆ. ಕಾಮಗಾರಿ ನೋಡಲು ಸಾರುವೆ ಹತ್ತುವುದು ವಾಸ್ತುಶಿಲ್ಪಿಯ ದಿನನಿತ್ಯದ ಕೆಲಸ. ಆ ಸಾವಿಗೆ ಬೇರೆ ಕಾರಣ ಹುಡುಕಲು ಅದಕ್ಕಿಂತ ಗಟ್ಟಿಯಾದ ಆಧಾರ ಬೇಕು. ಹತ್ತು ದಿನಗಳ ನಂತರ, 1878ರ ಜನವರಿ 9ರಂದು, ರಾಜನೂ ರೋಮಿನಲ್ಲಿ ತೀರಿಕೊಂಡ. ಕಮಾನು ತೆರೆದಾಗ ಅದನ್ನು ರೂಪಿಸಿದವನೂ ಇರಲಿಲ್ಲ, ಯಾರ ಹೆಸರಿಗೆ ಕಟ್ಟಲಾಯಿತೋ ಅವನೂ ಇರಲಿಲ್ಲ.

ಬೀದಿಯೆಂಬ ಓದಿಗೆ ಬಳಕೆಯ ಚರಿತ್ರೆಯೂ ಒತ್ತಾಸೆ ಕೊಡುತ್ತದೆ. ಗ್ಯಾಲರಿಯಾದ ನಾಲ್ಕು ತುದಿಗಳಿಗೂ ಬಾಗಿಲಿಲ್ಲ, ಹಗಲು ರಾತ್ರಿ ನಡೆದಾಡಬಹುದು. ತೆರೆದ ವರ್ಷವೇ ಬಿಫ್ಫಿ ಕಾಫಿಮನೆ ಶುರುವಾಯಿತು, ಗಸ್ಪಾರೆ ಕಂಪಾರಿ ತನ್ನ ಪಾನೀಯದಂಗಡಿಯನ್ನು ಇಲ್ಲಿಗೆ ತಂದ. ಆತನ ಮಗ ದಾವಿದೆ 1867ರಲ್ಲಿ ಹುಟ್ಟಿದ್ದು ಇದೇ ಗ್ಯಾಲರಿಯಾದ ಮನೆಯಲ್ಲಿ. ಜನ ಹುಟ್ಟುವ, ಬದುಕುವ ಜಾಗವನ್ನು ಅಂಗಡಿ ಸಂಕೀರ್ಣವೆಂದು ಕರೆದರೆ ಸಾಲದು. ಲಾ ಸ್ಕಾಲಾ ಪಕ್ಕದಲ್ಲೇ ಇದ್ದುದರಿಂದ ಕೆಲಸ ಹುಡುಕುವ ಗಾಯಕರೂ ವಾದ್ಯಗಾರರೂ ಅವರನ್ನು ಒಪ್ಪಂದಕ್ಕೆ ತರುವ ಏಜೆಂಟರೂ ಇಲ್ಲೇ ಭೇಟಿಯಾಗುತ್ತಿದ್ದರು. ಉಂಬೆರ್ತೊ ಬೊಚ್ಚೋನಿ 1910ರಲ್ಲಿ ಬರೆದ, ಈಗ ಮಿಲಾನಿನ ಬ್ರೆರಾ ಚಿತ್ರಶಾಲೆಯಲ್ಲಿರುವ ವರ್ಣಚಿತ್ರದ ವಸ್ತು ಗ್ಯಾಲರಿಯಾದ ಕಾಫಿಮನೆಯೆದುರಿನ ಒಂದು ಹೊಡೆದಾಟ. ವಿದ್ಯುದ್ದೀಪದ ಬೆಳಕಿನಲ್ಲಿ ಇಬ್ಬರು ಹೆಂಗಸರು ಕೈಕೈ ಮಿಲಾಯಿಸಿದ್ದಾರೆ, ಎಲ್ಲ ಕಡೆಯಿಂದ ಗುಂಪು ನುಗ್ಗುತ್ತಿದೆ. ಕಾವಲಿರುವ ಖಾಸಗಿ ಓಣಿಯಲ್ಲಿ ಇಂಥ ದೃಶ್ಯಕ್ಕೆ ಜಾಗವಿಲ್ಲ. 1914ರಲ್ಲಿ ಇಟಲಿ ಯುದ್ಧಕ್ಕೆ ಸೇರಬೇಕೆಂದು ಒತ್ತಾಯಿಸಿದ ಮೆರವಣಿಗೆಗಳೂ ಈ ಗಾಜಿನಡಿ ಹಾದುಹೋದವು. ‘ಮಿಲಾನಿನ ಪಡಸಾಲೆ’ ಎಂಬ ಅಡ್ಡಹೆಸರು ಇದಕ್ಕೆ ಅಂಟಿಕೊಂಡಿದೆ. ಆ ಹೆಸರಿನ ಸೌಜನ್ಯ ಈ ಗದ್ದಲವನ್ನು ಮುಚ್ಚಿಬಿಡುತ್ತದೆ ಎಂಬುದು ನನ್ನ ಆಕ್ಷೇಪ.

ಕಟ್ಟಡ ಪ್ರಕಾರವಾಗಿ ಆರ್ಕೇಡಿನ ಅಧ್ಯಯನಕ್ಕೆ ಅಡಿಪಾಯ ಹಾಕಿದ್ದು ಯೊಹಾನ್ ಫ್ರೀಡ್ರಿಶ್ ಗೈಸ್ಟ್ 1969ರಲ್ಲಿ ಪ್ರಕಟಿಸಿದ ಜರ್ಮನ್ ಗ್ರಂಥ. ವಾಲ್ಟರ್ ಬೆನ್ಯಮಿನ್ ಪ್ಯಾರಿಸ್‌ನ ಪಸಾಜ್‌ಗಳ ಬಗ್ಗೆ ಅಪೂರ್ಣವಾಗಿ ಬಿಟ್ಟುಹೋದ ಬೃಹತ್ ಟಿಪ್ಪಣಿ ಸಂಗ್ರಹ 1982ರಲ್ಲಿ ಹೊರಬಂದ ಮೇಲೆ ಪ್ಯಾರಿಸ್‌ನ ತೂಕ ಇನ್ನೂ ಹೆಚ್ಚಿತು. ಇಬ್ಬರ ಋಣವೂ ನಮ್ಮ ಮೇಲಿದೆ. ಆದರೂ ಮಿಲಾನಿನ ಸಂತತಿಯನ್ನು ಗಮನಿಸಿದರೆ ಇನ್ನೊಂದು ಕವಲು ಕಾಣುತ್ತದೆ. ನೇಪಲ್ಸ್‌ನ ಉಂಬೆರ್ತೊ ಗ್ಯಾಲರಿಯಾ 1887ರಿಂದ 1890ರವರೆಗೆ ಎದ್ದದ್ದು 1884ರ ಭೀಕರ ಕಾಲರಾದ ನಂತರ. ರೋಗದ ಗೂಡಾಗಿದ್ದ ಇಕ್ಕಟ್ಟಾದ ಕೇರಿಗಳನ್ನು ತೆರವು ಮಾಡಲು 1885ರಲ್ಲಿ ಬಂದ ಕಾನೂನಿನ ಫಲ ಅದು. ಅಲ್ಲಿಯೂ ಶಿಲುಬೆಯಾಕಾರ, ನಡುವೆ ಗುಮ್ಮಟ, ಸಾನ್ ಕಾರ್ಲೊ ನಾಟಕಶಾಲೆಯ ಎದುರಿಗೆ ಬಾಯಿ. ಅಲ್ಲಿಯೂ ಮೂಲ ಉದ್ದೇಶ ನಗರದ ಮರುಜೋಡಣೆ. ಮಾಸ್ಕೋದ ಮೇಲಿನ ಅಂಗಡಿ ಸಾಲು, ಅಂದರೆ ಇಂದಿನ ಗುಮ್, 1893ರಲ್ಲಿ ತೆರೆಯಿತು. ಪೊಮೆರಾಂತ್ಸೆವ್ ವಿನ್ಯಾಸ, ಶೂಖೊವ್ ಗಾಜಿನ ಚಾವಣಿ. ಅದು ಮಾತ್ರ ಬಾಗಿಲುಗಳಿರುವ, ವ್ಯಾಪಾರಿಗಳು ಕೂಡಿ ಕಟ್ಟಿಸಿದ ಕಟ್ಟಡ. ಗಾಜು-ಕಬ್ಬಿಣ ಒಂದೇ ಆದರೂ ನೇಪಲ್ಸ್ ಮತ್ತು ಮಿಲಾನನ್ನು ಒಂದು ಕಡೆ, ಮಾಸ್ಕೋವನ್ನು ಇನ್ನೊಂದು ಕಡೆ ಇಡುವುದೇ ಸರಿಯಾದ ವರ್ಗೀಕರಣ.

ಒಡೆಯ ನಗರಸಭೆಯಾದ್ದರಿಂದ ಇಂದಿಗೂ ಇಲ್ಲಿನ ಅಂಗಡಿಯ ವಿಷಯ ಸಾರ್ವಜನಿಕ ವಿಷಯ. ಮಳಿಗೆಗಳನ್ನು ಬಾಡಿಗೆಗೆ ಕೊಡಲು ಬಹಿರಂಗ ಹರಾಜು ನಡೆಯುತ್ತದೆ. ನಾಮಫಲಕಗಳೆಲ್ಲ ಕಪ್ಪಿನ ಮೇಲೆ ಹೊನ್ನಿನ ಅಕ್ಷರದಲ್ಲಿ ಇರಬೇಕೆಂಬ ನಿಯಮ ಜಗತ್ಪ್ರಸಿದ್ಧ ಬ್ರ್ಯಾಂಡುಗಳಿಗೂ ಅನ್ವಯಿಸುತ್ತದೆ. 2012ರಲ್ಲಿ ಅಷ್ಟಕೋನದಲ್ಲಿದ್ದ ಅಮೆರಿಕನ್ ಬರ್ಗರ್ ಅಂಗಡಿ ಗುತ್ತಿಗೆ ಮುಗಿದು ಹೊರಟಾಗ ಆ ಜಾಗ ಪ್ರಾಡಾಗೆ ಹೋಯಿತು. ಪ್ರಾಡಾ ಸೋದರರ ಮೊದಲ ಚರ್ಮದ ಸಾಮಾನಿನ ಅಂಗಡಿ 1913ರಲ್ಲಿ ತೆರೆದದ್ದು ಗ್ಯಾಲರಿಯಾದಲ್ಲೇ. 2015ರ ಜಾಗತಿಕ ಪ್ರದರ್ಶನಕ್ಕೆ ಮುನ್ನ ಗೋಡೆಗಳನ್ನು ಶುಚಿಗೊಳಿಸಿದಾಗ ಖರ್ಚು ಭರಿಸಿದ್ದು ಪ್ರಾಡಾ, ವೆರ್ಸಾಚೆ, ಫೆಲ್ತ್ರಿನೆಲ್ಲಿ ಎಂಬ ಖಾಸಗಿ ಸಂಸ್ಥೆಗಳು. ಆಗ ಹಳಿಯ ಮೇಲೆ ಸರಿಯುವ ಸಾರುವೆ ಬಳಸಿ, ಅಂಗಡಿಗಳನ್ನು ಮುಚ್ಚಿಸದೆ, ದಾರಿಯನ್ನು ನಿಲ್ಲಿಸದೆ ಕೆಲಸ ಮುಗಿಸಲಾಯಿತು. ನಗರಸಭೆಗೆ ಈ ಮಳಿಗೆಗಳಿಂದ ಬರುವ ಬಾಡಿಗೆ ದೊಡ್ಡ ಆದಾಯ. ಹರಾಜಿನಲ್ಲಿ ಮೇಲುಗೈ ಪಡೆಯುವುದು ಐಷಾರಾಮಿ ಬ್ರ್ಯಾಂಡುಗಳೇ ಆದ್ದರಿಂದ ಪುಸ್ತಕದಂಗಡಿ, ಹಳೆಯ ಟೋಪಿ ಅಂಗಡಿಗಳಂಥವು ಒಂದೊಂದಾಗಿ ಹಿಂದೆ ಸರಿಯುತ್ತಿವೆ ಎಂಬ ಆತಂಕ ಮಿಲಾನಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಆತಂಕ ನ್ಯಾಯವಾದದ್ದು. ಖಾಸಗಿ ಮಾಲ್‌ನಲ್ಲಿ ಯಾವ ಅಂಗಡಿ ಇರಬೇಕೆಂದು ಕೇಳುವ ಹಕ್ಕು ದಾರಿಹೋಕನಿಗಿಲ್ಲ. ಗ್ಯಾಲರಿಯಾದ ವಿಷಯದಲ್ಲಿ ಮಿಲಾನಿನ ಮತದಾರನಿಗೆ ಆ ಹಕ್ಕಿದೆ, 1869ರ ಖರೀದಿಯಿಂದ ಅದು ಬಂದಿದೆ.